ಮಲಗಿದ್ದ ಕಾರು, ಆರನೆಯ ಕಂತು: ಮಂಜುಗಡ್ಡೆಯೊಳಗಿನ ಎಲೆ

ಆರ್ಡಿಸ್ ಹಾಪಲಾ ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ ನೋಡಿದಳು.

ಉಪ್ಪು.

ಇನ್ನೊಮ್ಮೆ ನೋಡಿದಳು. ಅನುಮಾನವೇ ಇಲ್ಲ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಅದೇ ಒರಟು ಉಪ್ಪು. ಹಸಿರು ಕಾರಿನ ಮುಂದಿನ ಚಕ್ರದ ಮೇಲ್ಗಡೆ, ಯಾರ ಕೈಯೂ ಸುಲಭಕ್ಕೆ ಹೋಗದ ತಗಡಿನ ಮಡಿಕೆಯೊಳಗೆ, ಸುಣ್ಣದ ಗೆರೆ ಎಳೆದ ಹಾಗೆ ಬೆಳ್ಳಗೆ ಕೂತಿತ್ತು.

"ಏನ್ ಡೆಪ್ಯುಟಿ, ಕಾರು ನೆಕ್ಕೋಕೆ ಶುರು ಮಾಡಿದ್ಯಾ? ಮನೇಲಿ ತಿಂಡಿ ಆಗಿಲ್ವಾ?" ಎಂದ ರೂಡಿ ನಿಸ್ಕಾ, ದೋಣಿಗಳ ಆಚೆಯಿಂದ.

ಆರ್ಡಿಸ್ ಷೆರೀಫ್ ಕಚೇರಿಯ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಕೆಟಲ್ ಬೇ ಊರಿನಲ್ಲಿ ಅವಳನ್ನು ಇನ್ನೂ ಡೆಪ್ಯುಟಿ ಎಂದು ಕರೆಯುವವನು ಅವನೊಬ್ಬನೇ, ಅದೂ ರೇಗಿಸಲಿಕ್ಕೆ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಅವರು. ಅವಳ ಜಡೆಯನ್ನು ಮಸಿಯಲ್ಲಿ ಅದ್ದಿದ್ದವನೂ ಅವನೇ.

ಈಗ ಅವನು ಈ ಕೊಟ್ಟಿಗೆಯ ಕಾವಲುಗಾರ. ಬೇಸಿಗೆಯಲ್ಲಿ ಜಿಲ್ಲೆಯ ದನಗಳ ಪ್ರದರ್ಶನ ನಡೆಯುವ ಉದ್ದನೆಯ ಕೊಟ್ಟಿಗೆ. ಚಳಿಗಾಲಕ್ಕೆ ಇಲ್ಲಿ ಊರವರ ಕಾರು, ದೋಣಿಗಳು ಮಲಗುತ್ತವೆ. ಅಕ್ಟೋಬರಿನ ಒಂದು ಶನಿವಾರ ಎಲ್ಲರೂ ಸಾಲುಗಟ್ಟಿ ತಂದು ಬಿಟ್ಟರೆ, ರೂಡಿ ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗುವಂತೆ ಜೋಡಿಸಿ ದೊಡ್ಡ ಬಾಗಿಲಿಗೆ ಬೀಗ ಜಡಿಯುತ್ತಾನೆ. ಹಿಮ ಕರಗುವ ತನಕ ಯಾರ ಗಾಡಿಯೂ ಹೊರಗೆ ಬರುವಂತಿಲ್ಲ. ಬರಬೇಕೆಂದರೂ ದಾರಿಯಿಲ್ಲ.

ಲೆಸ್ಟರ್ ಪೆನ್‌ಹೇಲ್‌ನ ಹಸಿರು ಕಾರು ಎಲ್ಲಕ್ಕಿಂತ ಮೊದಲು ಒಳಗೆ ಬಂದದ್ದು. ಅಂದರೆ ತೀರಾ ಹಿಂದೆ, ಗೋಡೆಗೆ ಒತ್ತಿಕೊಂಡು ನಿಂತಿದ್ದು. ಅದರ ಮುಂದೆ ಇಡೀ ಊರಿನ ದೋಣಿಗಳು.

ಆದರೂ ಲೆಸ್ಟರ್ ಹೇಳುತ್ತಿದ್ದುದು ಒಂದೇ ಮಾತು. ಫೆಬ್ರವರಿಯ ಒಂದು ಭಾನುವಾರ ತಾನು ಇದೇ ಕಾರಿನಲ್ಲಿ ಕೂತು ಸರೋವರದ ದಂಡೆಗೆ ಹೋಗಿಬಂದೆ ಎಂದು.

ಚಳಿಗಾಲದ ಶುರುವಿಗೆ ಅವನು ಸೇರಿದ್ದ, ವಯಸ್ಸಾದವರ ಆರೈಕೆ ಮನೆಯವರು ಮೊದಮೊದಲು ನಕ್ಕರು. ಆಮೇಲೆ ಗಾಬರಿಯಾದರು. ಇಲ್ಲದ್ದನ್ನು ಇದೆ ಎನ್ನುವ ಮುದುಕ ನಾಳೆ ಕಾರು ಹುಡುಕಿಕೊಂಡು ಹಿಮದಲ್ಲಿ ನಡೆದುಬಿಟ್ಟರೆ ಗತಿಯೇನು? ನೆನಪು ಕೆಟ್ಟವರನ್ನು ಬೀಗ ಹಾಕಿ ನೋಡಿಕೊಳ್ಳುವ ಜಾಗ ದಕ್ಷಿಣದ ದೊಡ್ಡ ಊರಿನಲ್ಲಿತ್ತು, ಅರ್ಧ ದಿನದ ದಾರಿ. ಸೋಮವಾರ ವ್ಯಾನ್ ಬರುತ್ತದೆ. ಅವನ ಹೆಂಡತಿ ಮೇವಿಸ್ ದಿನಾ ಸಂಜೆ ಹೋಗಿ ಅವನಿಗೆ ಸೂಪು ಕುಡಿಸಿ, ಹಣೆಗೆ ಮುತ್ತಿಟ್ಟು ಬರುವುದು ಅಲ್ಲಿಗೆ ಮುಗಿಯುತ್ತದೆ.

ಅವನು ಹೋಗಿದ್ದು ನಿಜ ಎಂದು ಯಾರಾದರೂ ತೋರಿಸಿಕೊಟ್ಟರೆ ಮಾತ್ರ ಅವನು ಇಲ್ಲೇ ಉಳಿದಾನು. ಅದನ್ನು ಪತ್ತೆ ಮಾಡಿಕೊಡು ಎಂದು ಮೇವಿಸ್ ಆರ್ಡಿಸ್‌ಳನ್ನು ಕೇಳಿಕೊಂಡಿದ್ದಳು.

ಇವತ್ತು ಶನಿವಾರ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಆರ್ಡಿಸ್ ಕಾರಿನ ಪಕ್ಕ ನೆಲದ ಮೇಲೆ ಮಲಗಿದ್ದ ಕಡೆಯಿಂದಲೇ ಕಿವಿಗಿಟ್ಟುಕೊಂಡಳು.

"ಆರ್ಡಿಸ್, ಮೇವಿಸ್ ಕಣೇ. ಮಧ್ಯಾಹ್ನಕ್ಕೆ ಪ್ಯಾಸ್ಟಿ ಮಾಡ್ತಿದೀನಿ. ನಿನ್ನದಕ್ಕೆ ಗೆಡ್ಡೆ ಹಾಕ್ಲಾ, ಬೇಡ್ವಾ?"

"ಹಾಕು ಮೇವಿಸ್. ಗೆಡ್ಡೆ ಇಲ್ದೆ ಬರೀ ಮಾಂಸದ ಕಡುಬು ಯಾರು ತಿಂತಾರೆ?"

"ಸರಿ ಸರಿ. ಅಲ್ಲಿಗೇ ತರ್ತೀನಿ. ಏನಾದ್ರೂ ಸಿಕ್ತಾ?"

"ನೋಡ್ತಿದೀನಿ."

ಬೆಳಿಗ್ಗೆಯಿಂದ ಇವೇ ಪ್ರಶ್ನೆಗಳು, ಇದು ಮೂರನೇ ಸಲ. ಪಾಪ, ಅವಳಿಗೆ ನಿದ್ದೆಯಿಲ್ಲ, ನೆಮ್ಮದಿಯಿಲ್ಲ ಎಂದುಕೊಂಡು ಆರ್ಡಿಸ್ ಫೋನನ್ನು ಜೇಬಿಗಿಳಿಸಿದಳು. ಏಳಲೆಂದು ಅಂಗೈಯನ್ನು ಕಾರಿನ ಕೆಳಗೆ ಊರಿದಳು.

ಅಂಗೈ ಸರ್ರನೆ ಜಾರಿತು.

ಟಾರ್ಚು ಬಿಟ್ಟು ನೋಡಿದಳು. ಕಾರಿನ ಅಡಿಯಲ್ಲಿ, ಈ ತುದಿಯಿಂದ ಆ ತುದಿಯವರೆಗೆ, ಗಾಜು ಹಾಸಿದಂತೆ ಮಂಜುಗಡ್ಡೆ. ಪಕ್ಕದ ದೋಣಿಯ ಕೆಳಗೆ ಕೈಯಾಡಿಸಿದಳು. ಅಲ್ಲಿ ಒಣ ಸಿಮೆಂಟು, ಹುಲ್ಲಿನ ಧೂಳು. ಮುಂದಿನ ಕಾರಿನ ಕೆಳಗೂ ಧೂಳೇ.

ಅಕ್ಟೋಬರಿನಿಂದ ಮುಚ್ಚಿದ ಕೊಟ್ಟಿಗೆಯಲ್ಲಿ ಒಂದೇ ಒಂದು ಕಾರಿನ ಅಡಿಗೆ ನೀರು ಎಲ್ಲಿಂದ ಬಂತು?

ಬರಿಗೈಯಿಂದ ಮಂಜುಗಡ್ಡೆಯನ್ನು ಸವರಿದಳು. ಒಳಗೆ ಏನೋ ಕಪ್ಪಗೆ ಸಿಕ್ಕಿಕೊಂಡಿತ್ತು. ಚಾಕುವಿನಿಂದ ಸುತ್ತ ಕೆತ್ತಿ, ಆ ತುಂಡನ್ನು ಅಂಗೈ ಮೇಲಿಟ್ಟುಕೊಂಡು ಉಸಿರು ಬಿಟ್ಟಳು. ಮಗುವಿನ ಕೈಗೆ ಊದುವ ಹಾಗೆ, ಮೆಲ್ಲಗೆ. ಮಂಜು ಕರಗಿತು. ಅಂಗೈಯಲ್ಲಿ ಉಳಿದದ್ದು ಒಂದು ಪುಟ್ಟ ಎಲೆ, ಅಂಚಿಗೆ ಗರಗಸದ ಹಲ್ಲು.

ಬರ್ಚ್ ಮರದ ಎಲೆ. ಮೂಗಿಗೆ ಹಿಡಿದರೆ ಶನಿವಾರದ ವಾಸನೆ. ಅವಳ ಅಪ್ಪ ಶನಿವಾರಕ್ಕೊಮ್ಮೆ ಹಚ್ಚುತ್ತಿದ್ದ ಸೌನಾದ, ಆ ಹಬೆಸ್ನಾನದ ಮನೆಯ ವಾಸನೆ: ಕಾದ ಕಲ್ಲು, ಹಬೆ, ಬೆನ್ನಿಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು.

ಹೊರಗೆ ಮರಗಳೆಲ್ಲ ಬೋಳಾಗಿ ನಿಂತಿದ್ದವು. ಈ ಕಾಲದಲ್ಲಿ ಬರ್ಚ್ ಎಲೆ ಇರುವುದು ಒಂದೇ ಕಡೆ. ಬೇಸಿಗೆಯಲ್ಲೇ ಕೊಂಬೆ ಕೊಯ್ದು ಒಣಗಿಸಿ, ಸೌನಾದ ಬಕೆಟ್ಟಿನಲ್ಲಿ ನೆನೆಹಾಕುವವರ ಮನೆಯಲ್ಲಿ.

ಕೊಟ್ಟಿಗೆಯ ಹಿಂದೆ ರೂಡಿಯ ಸೌನಾದ ಚಿಮಣಿ ಆಗಲೇ ಹೊಗೆಯಾಡುತ್ತಿತ್ತು.

ಆರ್ಡಿಸ್ ಅವನನ್ನು ಕೂಡಲೇ ಕರೆಯಲಿಲ್ಲ. ಮೊದಲು ಕಾರಿನ ಮಾತನ್ನು ಪೂರ್ತಿ ಕೇಳಿಸಿಕೊಳ್ಳೋಣ ಎಂದು ಅದಕ್ಕೆ ಹೊದಿಸಿದ್ದ ಬಟ್ಟೆಯ ಹೊದಿಕೆಯನ್ನು ಬಾಗಿಲ ಮೇಲಿನವರೆಗೆ ಸರಿಸಿದಳು.

ಇಬ್ಬರೇ ಕೂರಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಮೇಲೆ ಮಡಚುವ ಬಟ್ಟೆಯ ಟಾಪು. ಲೆಸ್ಟರ್ ಇದನ್ನು ಹೇಗೆ ಮಲಗಿಸುತ್ತಾನೆಂಬುದು ಊರಿಗೆಲ್ಲ ಗೊತ್ತಿತ್ತು. ಗಂಡಸರು ಅದನ್ನು ನೋಡಲೆಂದೇ ಸುತ್ತ ನಿಲ್ಲುತ್ತಿದ್ದರು. ತೊಳೆದು ಒರೆಸಿ, ಟ್ಯಾಂಕ್ ತುಂಬಾ ಪೆಟ್ರೋಲು ಹಾಕಿಸಿ, ಟೈರಿಗೆ ಒಂದಿಷ್ಟು ಹೆಚ್ಚೇ ಗಾಳಿ ತುಂಬಿ, ಚಕ್ರಕ್ಕೆ ಮರದ ಅಡ್ಡೆ ಕೊಟ್ಟು, ಬ್ಯಾಟರಿ ಬಿಚ್ಚಿ ಮನೆಯ ನೆಲಮಾಳಿಗೆಗೆ ಒಯ್ಯುತ್ತಿದ್ದ. ಹ್ಯಾಂಡ್‌ಬ್ರೇಕ್ ಮಾತ್ರ ಎಳೆಯುತ್ತಿರಲಿಲ್ಲ, ಆರು ತಿಂಗಳು ಹಾಗೇ ಕಚ್ಚಿಕೊಂಡಿದ್ದರೆ ಬಿಡಿಸಲಿಕ್ಕಾಗುವುದಿಲ್ಲ ಎಂದು. ಕೊನೆಗೆ ಇಲಿ ನುಗ್ಗದಂತೆ ಸೈಲೆನ್ಸರಿನ ಬಾಯಿಗೆ ಪಾತ್ರೆ ಉಜ್ಜುವ ತಂತಿನಾರಿನ ಉಂಡೆ ತುರುಕುವುದು. ಅದು ವಸಂತದಲ್ಲಿ ಮರೆತುಹೋಗಬಾರದೆಂದು ಸ್ಟಿಯರಿಂಗಿಗೆ ಒಂದು ಕೆಂಪು ರಿಬ್ಬನ್ ಕಟ್ಟುವುದು.

ರಿಬ್ಬನ್ ಇತ್ತು. ಆದರೆ ಲೆಸ್ಟರ್ ಎಲ್ಲದಕ್ಕೂ ಹಾಕುವುದು ಮೀನುಗಾರರ ಗಂಟು, ಹಲ್ಲಿನಲ್ಲಿ ಬಿಚ್ಚಬೇಕು ಅದನ್ನು. ಇಲ್ಲಿ ರಿಬ್ಬನ್ನಿಗೆ ಚಿಟ್ಟೆಯ ಹಾಗೆ ಎರಡು ರೆಕ್ಕೆ ಬಿಡಿಸಿ ಚೆಂದಕ್ಕೆ ಕಟ್ಟಿದ್ದರು. ಉಡುಗೊರೆಗೆ ಕಟ್ಟಿದ ಹಾಗೆ.

ಓಡಿಸುವವರ ಸೀಟು ಸ್ಟಿಯರಿಂಗಿಗೆ ಮುತ್ತಿಡುವಷ್ಟು ಮುಂದಕ್ಕೆ ಸರಿದಿತ್ತು. ಪಕ್ಕದ ಸೀಟನ್ನು ಹಿಂದಕ್ಕೆ ತಳ್ಳಿ, ಕಾಲು ಚಾಚಿ ಕೂರುವಂತೆ ಮಾಡಿದ್ದರು.

ಅಲ್ಲಿಗೆ ಲೆಸ್ಟರ್ ಕೂತದ್ದು ಎಲ್ಲಿ ಎಂಬುದು ಗೊತ್ತಾಯಿತು. ಓಡಿಸಿದ್ದು ಯಾರು?

ಇನ್ನೂ ಒಂದಿತ್ತು. ಗುರುವಾರ ಆರ್ಡಿಸ್ ಆರೈಕೆ ಮನೆಗೆ ಹೋದಾಗ ಲೆಸ್ಟರ್ ಕಣ್ಣು ಮಿಟುಕಿಸಿ ಹೇಳಿದ್ದ. "ನನ್ನ ಕಾರನ್ನ ಕದಿಯೋಕೆ ಆಗಲ್ಲ ಡಿಯರ್. ಚೋಕ್ ಹಿಡಿ ಇದೆಯಲ್ಲ, ಅದನ್ನ ನಾನೇ ಬಿಚ್ಚಿ ಬೇರೆ ಕಡೆ ಬಚ್ಚಿಟ್ಟಿದೀನಿ. ಚಳಿಯಲ್ಲಿ ಅದನ್ನ ಎಳೀದೆ ಇಂಜಿನ್ನು ಕೆಮ್ಮೋದೂ ಇಲ್ಲ. ಎಲ್ಲಿದೆ ಅಂತ ಐವತ್ತು ವರ್ಷ ಮೇವಿಸ್‌ಗೂ ಹೇಳಿರ್ಲಿಲ್ಲ."

ಆರ್ಡಿಸ್ ಟಾರ್ಚು ಹಿಡಿದು ಒಳಗೆಲ್ಲ ಹುಡುಕಿದಳು. ಸ್ಟಿಯರಿಂಗಿನ ಹಿಂದಿನ ಮೀಟರುಗಳ ಸಾಲು, ಗೇರಿನ ಬುಡ, ಬಾಗಿಲ ಸಂದಿ. ಸಿಗಲಿಲ್ಲ.

ಅಂದರೆ ಫೆಬ್ರವರಿಯಲ್ಲಿ ಈ ಕಾರನ್ನು ಎಬ್ಬಿಸಿದವರಿಗೆ ಅದನ್ನು ತೋರಿಸಿಕೊಟ್ಟವನು ಪಕ್ಕದಲ್ಲೇ ಕೂತಿದ್ದ ಲೆಸ್ಟರ್. ಅಷ್ಟು ನಂಬಿಕೆ ಅವರ ಮೇಲೆ.

"ರೂಡಿ, ಇಲ್ಲಿ ಬಾ."

ದೋಣಿಗಳ ನಡುವೆ ನುಸುಳಿಕೊಂಡು ಅವನು ಬಂದ. ಈ ವಯಸ್ಸಿನಲ್ಲೂ ತಲೆ ತಗ್ಗಿಸಿ ನಡೆಯಬೇಕಾದ ಎತ್ತರ.

"ಈ ನೆಲ ಯಾಕೋ ಜಾರುತ್ತೆ?"

"ಚಳಿಗಾಲ ಕಣೇ. ನೆಲ ಜಾರದೆ ಹಾಡು ಹೇಳುತ್ತಾ?"

"ಪಕ್ಕದ ದೋಣಿ ಕೆಳಗೆ ಯಾಕೆ ಜಾರಲ್ಲ?"

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಸೂರು ಸೋರಿರ್ಬೇಕು."

"ಸರಿ. ಸೂರಿಂದ ಬರ್ಚ್ ಎಲೆನೂ ಸೋರ್ತಾ?"

ಅವಳು ಅಂಗೈ ಬಿಚ್ಚಿದಳು. ರೂಡಿ ಎಲೆಯನ್ನು ನೋಡಿದ. ಆಮೇಲೆ ಅವಳ ಮುಖವನ್ನು ನೋಡಲಿಲ್ಲ.

"ಇಲ್ಲಿ ಬಾಗಿಲೊಂದಿದೆಯಲ್ಲ," ಎಂದಳು ಆರ್ಡಿಸ್, ಹಿಂದಿನ ಗೋಡೆಯನ್ನು ತೋರಿಸಿ. "ದನಗಳನ್ನ ಮೈದಾನಕ್ಕೆ ಬಿಡೋ ಬಾಗಿಲು. ಬರುವಾಗ ಹೊರಗಿಂದ ನೋಡ್ದೆ. ಗೋಡೆ ಉದ್ದಕ್ಕೂ ಹಿಮ ಕೇಕಿನ ಹಾಗೆ ಪದರ ಪದರವಾಗಿ ಕೂತಿದೆ. ಆ ಬಾಗಿಲ ಮುಂದೆ ಮಾತ್ರ ಹೆಂಟೆ ಹೆಂಟೆ. ಯಾರೋ ಅಗೆದು, ಆಮೇಲೆ ವಾಪಸ್ ತುಂಬಿದ ಹಾಗೆ."

"ಆ ಬಾಗಿಲಲ್ಲಿ ಕಾರು ಹಿಡಿಸಲ್ಲ."

"ಬೇರೆಯವರದ್ದು ಹಿಡಿಸಲ್ಲ. ಬಹುಮಾನದ ಹೋರಿ ದಾಟೋ ಬಾಗಿಲಲ್ಲಿ ಈ ಪುಟಾಣಿ ದಾಟಲ್ವಾ?"

ರೂಡಿ ಮೂಲೆಯಲ್ಲಿ ಬೋರಲಾಗಿದ್ದ ಬಕೆಟ್ಟನ್ನು ಕಾಲಿನಿಂದ ಎಳೆದುಕೊಂಡು ಅದರ ಮೇಲೆ ಕುಕ್ಕರಿಸಿದ.

"ಬಾಗಿಲು ತೆಗ್ದಿದ್ದು ನಾನೇ," ಎಂದ ಕೊನೆಗೆ. "ಹಿಮ ಅಗೆದಿದ್ದೂ ನಾನೇ, ತೊಳೆದಿದ್ದೂ ನಾನೇ. ಸಾಕಾ? ಅದಕ್ಕಿಂತ ಜಾಸ್ತಿ ಕೇಳ್ಬೇಡ."

"ತೊಳೀದೆ ಇದ್ದಿದ್ರೆ ನಾನು ಈ ನೆಲದ ಕಡೆ ತಿರುಗಿ ಕೂಡ ನೋಡ್ತಿರ್ಲಿಲ್ಲ ಕಣೋ."

"ಗೊತ್ತು."

"ಮತ್ಯಾಕೆ ತೊಳ್ದೆ?"

ರೂಡಿ, ಆ ಪ್ರಶ್ನೆಯೇ ಅರ್ಥವಾಗಲಿಲ್ಲವೇನೋ ಎಂಬಂತೆ ನೋಡಿದ. "ಉಪ್ಪು ಹಂಗೇ ಬಿಡೋದಾ? ಏಪ್ರಿಲ್ ತನಕ? ಲೆಸ್ಟರ್ ಕಾರು ಕಣೇ ಅದು! ನಾನು ಸೌನಾ ಹಚ್ಚಿದ್ದೆ, ಒಲೆ ಮೇಲೆ ನೀರು ಕುದೀತಿತ್ತು. ಬಕೆಟ್ಟಲ್ಲಿ ಹೊತ್ಕೊಂಡು ಬಂದು ಕೆಳಗಡೆ ಎಲ್ಲಾ ಎರಚ್ದೆ. ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು. ಆ ಎಲೆ ಹಾಳಾದ್ದು ಯಾವಾಗ ಸೇರ್ಕೊಂತೋ."

ಆರ್ಡಿಸ್‌ಗೆ ನಗು ಬಂತು, ತಡೆದುಕೊಂಡಳು. ಕಳ್ಳನಾಗಿದ್ದರೆ ಹೊದಿಕೆ ಎಳೆದು ಓಡಿಹೋಗುತ್ತಿದ್ದ. ಈ ಊರಿನವನಿಗೆ ಮಾತ್ರ ಇಂಥ ತಪ್ಪು ಮಾಡಲು ಸಾಧ್ಯ. ಸಿಕ್ಕಿಬೀಳುವ ಭಯಕ್ಕಿಂತ ತುಕ್ಕಿನ ಭಯ ದೊಡ್ಡದು ಇಲ್ಲಿ.

"ಓಡಿಸಿದ್ದು ಯಾರು?"

ರೂಡಿ ಬಗ್ಗಿ ಬೂಟಿನ ದಾರ ಬಿಗಿದುಕೊಂಡ.

"ಲೆಸ್ಟರ್ ಕಾಲಿಗೆ ಕ್ಲಚ್ ತುಳಿಯೋ ಶಕ್ತಿ ಇಲ್ಲ. ನೀನು ಆ ಸೀಟಲ್ಲಿ ಕೂತ್ರೆ ಮೊಣಕಾಲು ಕಿವಿಗೆ ಬರುತ್ತೆ. ಯಾರೋ ಗಿಡ್ಡ ಇರೋರು. ಯಾರು ರೂಡಿ?"

"ಮಾತು ಕೊಟ್ಟಿದೀನಿ. ಯಾರ ಮುಂದೇನೂ ಬಾಯಿ ಬಿಡಲ್ಲ ಅಂತ."

"ಈ ಕೆಲಸ ಹೋಗುತ್ತೆ ಅಂತ ಹೆದರಿಕೇನಾ?"

"ಕೆಲಸ ಹೋದ್ರೆ ಹೋಯ್ತು, ಮೀನು ಹಿಡೀತೀನಿ." ಅವನಿಗೆ ಸಿಟ್ಟು ಬಂದಿತ್ತು. "ನನ್ನನ್ನೇನು ಅಂದ್ಕೊಂಡಿದೀಯ ನೀನು?"

"ಒಳ್ಳೆಯವನು ಅಂದ್ಕೊಂಡಿದೀನಿ. ಅದಕ್ಕೇ ಕೇಳ್ತಿರೋದು. ನೀನು ಕೊಟ್ಟ ಮಾತು ಉಳಿಸ್ಕೊಳ್ಳೋಕೆ ಲೆಸ್ಟರ್‌ನ ಬೀಗ ಹಾಕಿದ ಮನೆಗೆ ಕಳಿಸ್ತೀಯಾ? ಸೋಮವಾರ ವ್ಯಾನ್ ಬರುತ್ತೆ. ನಿನ್ನ ಒಂದು ಮಾತಲ್ಲಿ ಅದು ಖಾಲಿ ವಾಪಸ್ ಹೋಗುತ್ತೆ."

ರೂಡಿ ತಲೆಯೆತ್ತಿದ. ಅವನ ಮುಖದಲ್ಲಿ ಈಗ ಸಿಟ್ಟಿರಲಿಲ್ಲ. ಏನೋ ಗೊಂದಲ.

"ನೀನು ನಿಜವಾಗ್ಲೂ ಗೊತ್ತಿಲ್ದೆ ಕೇಳ್ತಿದೀಯಾ?"

"ಗೊತ್ತಿದ್ರೆ ಈ ಥಂಡಿ ನೆಲದ ಮೇಲೆ ಯಾಕೆ ಮಲಗ್ತಿದ್ದೆ?"

"ಅವಳು ನಿನಗೆ ಹೇಳಿಲ್ವಾ?"

"ಯಾವಳು?"

"ಮೇವಿಸ್."

ಎಲ್ಲೋ ಸೂರಿನ ಮೇಲಿಂದ ಹಿಮದ ಹೆಂಟೆಯೊಂದು ಜಾರಿ ಧೊಪ್ಪನೆ ಬಿತ್ತು. ಇಬ್ಬರೂ ಆ ಕಡೆ ನೋಡಲಿಲ್ಲ.

"ಮೇವಿಸ್ ಓಡಿಸಿದ್ಲಾ?"

"ಮತ್ತೆ ಇನ್ಯಾರು?" ರೂಡಿ ಟೋಪಿಯನ್ನು ಎರಡು ಕೈಯಲ್ಲಿ ಹಿಂಡುತ್ತಾ ಹೇಳತೊಡಗಿದ. "ಆ ಭಾನುವಾರ ಹಿಮಗಾಳಿ ಬರುತ್ತೆ ಅಂತ ಚರ್ಚು ರದ್ದಾಯ್ತಲ್ಲ, ನೆನಪಿದೆಯಾ? ಗಾಳಿ ಬರ್ಲೇ ಇಲ್ಲ, ಚಿನ್ನದಂಥ ಬಿಸಿಲು ಬಂತು. ಆರೈಕೆ ಮನೆಯೋರು ಪ್ರತಿ ವಾರದ ಹಾಗೆ ಚರ್ಚಿಗೇ ಹೊರಟ್ರು ಅಂದ್ಕೊಂಡು ಇಬ್ಬರನ್ನೂ ಕಳ್ಸಿದಾರೆ. ಇವಳು ದಿನಾ ಓಡಿಸೋ ತನ್ನ ಕಾರಲ್ಲಿ ಸೀದಾ ಇಲ್ಲಿಗೆ ಬಂದ್ಲು. ಮುಂದಿನ ಸೀಟಲ್ಲಿ ಗಂಡ, ಹಿಂದಿನ ಸೀಟಲ್ಲಿ ಕಂಬಳಿ ಸುತ್ತಿದ ಬ್ಯಾಟರಿ. ಮಗೂನ ಕರ್ಕೊಂಡು ಬಂದ ಹಾಗೆ."

"ಆಮೇಲೆ?"

"ನಾನು ಆಗಲ್ಲ ಅಂದೆ. ರಸ್ತೆ ತುಂಬಾ ಉಪ್ಪಿದೆ ಲೆಸ್ಟರ್, ಐವತ್ತು ವರ್ಷ ಒಂದು ಹರಳು ತಾಗದ ಹಾಗೆ ನೋಡ್ಕೊಂಡಿದೀಯ ಅಂದೆ. ಅದಕ್ಕೆ ಅವನು ನನ್ನ ಭುಜ ಹಿಡ್ಕೊಂಡು, ‘ತಾಗಲಿ ಬಿಡೋ. ಇನ್ಯಾವ ಬೇಸಿಗೆಗೆ ಅಂತ ಕಾಪಾಡ್ಲಿ?’ ಅಂದ. ಏನು ಹೇಳ್ಲಿ ನಾನು? ಸನಿಕೆ ತಗೊಂಡೆ."

ರೂಡಿ ಟೋಪಿಯಿಂದ ಮೂಗು ಒರೆಸಿಕೊಂಡ.

"ಟಾಪು ಮಡಚಿ ಹೋದ್ರು ಕಣೇ. ಆ ಚಳೀಲಿ! ಇಬ್ಬರಿಗೂ ಉಣ್ಣೆ ಟೋಪಿ, ಕಾಲ ಮೇಲೆ ಒಂದೇ ಕಂಬಳಿ. ಇವಳು ಗೇರ್ ಹಾಕೋವಾಗ ಕಿರ್ ಅಂತು, ಅವನು ‘ಅಯ್ಯೋ ನನ್ನ ಹೆಣ್ಣೇ’ ಅಂದ. ಕಾರಿಗೆ ಅಂದ್ನೋ ಇವಳಿಗೆ ಅಂದ್ನೋ ದೇವರಿಗೇ ಗೊತ್ತು. ದಂಡೆ ಮೇಲಿನ ದೀಪಸ್ತಂಭದ ತನಕ ಹೋಗಿ, ನೀಲಿ ಮಂಜುಗಡ್ಡೆ ನೋಡಿ, ಕಾರಲ್ಲೇ ಕೂತು ಪ್ಯಾಸ್ಟಿ ತಿಂದು ಬಂದ್ರಂತೆ. ವಾಪಸ್ ಬಂದಾಗ ಇಬ್ಬರ ಮೂಗೂ ಕೆಂಪಗಿತ್ತು. ಹುಡುಗರ ಹಾಗೆ ನಗ್ತಿದ್ರು."

ಆರ್ಡಿಸ್‌ಳ ತಲೆಯೊಳಗೆ ಒಂದೊಂದೇ ಬಾಗಿಲು ತೆರೆಯುತ್ತಿತ್ತು, ಅವಳಿಗೆ ತೆರೆಯುವುದು ಬೇಡವಾಗಿದ್ದ ಬಾಗಿಲುಗಳು.

"ಹಾಗಾದ್ರೆ ಅವಳೇ ಬಂದು ನನಗೆ ಯಾಕೆ ಹೇಳ್ಬೇಕು, ಯಾರು ಓಡಿಸಿದ್ರು ಪತ್ತೆ ಮಾಡು ಅಂತ?"

"ಅದೇ ನನಗೂ ತಿಳೀತಿಲ್ಲ. ಹೋದ ವಾರ ಇಲ್ಲಿಗೆ ಬಂದಿದ್ಲು. ನನ್ನ ಮುಖ ನೋಡ್ಕೊಂಡೇ, ‘ರೂಡಿ, ನಮ್ಮ ಕಾರನ್ನ ಯಾರಾದ್ರೂ ತೆಗೆದಿದ್ರಾ?’ ಅಂದ್ಲು. ನಾಟಕ ಆಡ್ತಿದಾಳೆ, ಬಾಯಿ ಮುಚ್ಕೊಂಡಿರು ಅಂತ ಸೂಚನೆ ಕೊಡ್ತಿದಾಳೆ ಅಂದ್ಕೊಂಡೆ. ಇಲ್ಲ ಮೇವಿಸ್, ಯಾರೂ ತೆಗೆದಿಲ್ಲ ಅಂದೆ. ಅವಳ ಕಣ್ಣಲ್ಲಿ ನೀರು ಬಂತು. ಎಷ್ಟು ಚೆನ್ನಾಗಿ ನಾಟಕ ಆಡ್ತಾಳಪ್ಪಾ ಅಂದ್ಕೊಂಡೆ ನಾನು."

ಅವನು ಅಲ್ಲಿಗೆ ನಿಲ್ಲಿಸಿದ. ಆರ್ಡಿಸ್‌ಳ ಮುಖ ನೋಡಿ ಅವನಿಗೂ ಹೊಳೆಯಿತು.

"ನಾಟಕ ಅಲ್ವಾ?" ಎಂದ, ಬಹಳ ಮೆಲ್ಲಗೆ.

ಮೇವಿಸ್ ಬೆಳಿಗ್ಗೆಯಿಂದ ಮೂರು ಸಲ ಗೆಡ್ಡೆ ಹಾಕಲೇ ಎಂದು ಕೇಳಿದ್ದಳು. ಬುಧವಾರ ನೆಲಮಾಳಿಗೆಯಲ್ಲಿ ಬ್ಯಾಟರಿ ತೋರಿಸಿ, ಇದನ್ನು ಯಾರೂ ಮುಟ್ಟಿಲ್ಲ ಎಂದಿದ್ದಳು. ಆದರೆ ಬ್ಯಾಟರಿಯ ಕೆಳಗೆ ಮಡಚಿ ಹಾಸಿದ್ದ ಕಂಬಳಿ ಹೊಸದಾಗಿತ್ತು, ಧೂಳೇ ಇರಲಿಲ್ಲ. ಗುರುವಾರ ಲೆಸ್ಟರ್‌ನನ್ನು ಆರ್ಡಿಸ್ ಕೇಳಿದ್ದಳು, ಯಾರ ಜೊತೆ ಹೋಗಿದ್ದೆ ಎಂದು. ಅವನು ಕಿಟಕಿಯ ಕಡೆ ತಿರುಗಿ, "ಹೋಗಿದ್ದು ನಿಜ. ಯಾರ ಜೊತೆ ಅಂತ ಮಾತ್ರ ಹೇಳಲ್ಲ. ನೀನೂ ಮೇವಿಸ್ ಹತ್ರ ಅದನ್ನ ಕೇಳ್ಬೇಡ" ಎಂದಿದ್ದ.

ಕೇಳಬೇಡ ಎಂದದ್ದು ಅದಕ್ಕೆ.

ಅವನಿಗೆ ಗೊತ್ತಿತ್ತು. ಹೋಗಿಬಂದ ಮರುವಾರವೇ ಆ ದಿನದ ಮಾತೆತ್ತಿದಾಗ ಅವಳು ‘ಯಾವ ಕಾರು? ಯಾವ ದಂಡೆ?’ ಎಂದಿರಬೇಕು. ಅವನು ಅವಳನ್ನು ಒಂದು ಗಳಿಗೆ ನೋಡಿ, ಆಮೇಲೆ ಸುಮ್ಮನಾಗಿರಬೇಕು. ಎಲ್ಲರೂ ಇವನ ತಲೆ ಕೆಟ್ಟಿದೆ ಎಂದರು. ಅವನು ಎನ್ನಿಸಿಕೊಂಡ. ತನ್ನ ನೆನಪು ನೆಟ್ಟಗಿದೆ ಎಂದು ತೋರಿಸಿಕೊಳ್ಳಬೇಕಾದರೆ ಅವಳದ್ದು ಜಾರುತ್ತಿದೆ ಎಂದು ಹೇಳಬೇಕಿತ್ತು. ಅದರ ಬದಲು ವ್ಯಾನ್ ಹತ್ತಲು ಸಿದ್ಧನಾಗಿದ್ದ.

"ಈಗ ಹೇಳಿದ್ರೆ ಲೆಸ್ಟರ್ ಇಲ್ಲೇ ಉಳೀತಾನೆ," ಎಂದ ರೂಡಿ. "ಮೇವಿಸ್ ಏನಾಗ್ತಾಳೆ? ಒಂಟಿ ಮನೆ, ಒಲೆ, ಕಾರಿನ ಕೀಲಿ. ಎಲ್ಲಾ ಕಿತ್ಕೋತಾರೆ ಅವಳಿಂದ."

"ಗೊತ್ತು."

"ಹೇಳದೆ ಇದ್ರೆ..."

"ಗೊತ್ತು ಕಣೋ, ಸುಮ್ನಿರು."

"ಯಾರ್ ಯಾರಿಗೆ ಸುಮ್ನಿರು ಅಂತಿದೀರಿ?" ಎಂದಿತು ಬಾಗಿಲಿಂದ ಒಂದು ದನಿ.

ಮೇವಿಸ್ ಪೆನ್‌ಹೇಲ್ ಬಂದುಬಿಟ್ಟಿದ್ದಳು. ಗುಬ್ಬಿಯಂಥ ಮೈ, ಮೇಲೆ ಲೆಸ್ಟರ್‌ನ ಹಳೆಯ ಕೋಟು. ಎರಡೂ ಕೈಯಲ್ಲಿ ಒಂದು ಡಬ್ಬಿ ಹಿಡಿದು, ದೋಣಿಗಳ ನಡುವೆ ಹುಷಾರಾಗಿ ಹೆಜ್ಜೆಯಿಡುತ್ತಾ ಬಂದಳು.

"ತಗೊಳ್ರೋ, ಬಿಸಿ ಇದೆ. ಆರ್ಡಿಸ್, ನಿನ್ನದಕ್ಕೆ ಗೆಡ್ಡೆ ಹಾಕ್ಲಿಲ್ಲ. ನಿನಗೆ ಆಗಲ್ಲ ಅಲ್ವಾ?"

"ಹೂಂ ಮೇವಿಸ್," ಎಂದಳು ಆರ್ಡಿಸ್. "ಒಳ್ಳೇದಾಯ್ತು."

ಡಬ್ಬಿಯನ್ನು ತೆಗೆದುಕೊಂಡಳು. ಅದಕ್ಕೆ ರಿಬ್ಬನ್ ಕಟ್ಟಿತ್ತು. ಚಿಟ್ಟೆಯ ಹಾಗೆ ಎರಡು ರೆಕ್ಕೆ ಬಿಡಿಸಿ.

ರೂಡಿ ಬೇರೆ ಕಡೆ ನೋಡಿದ.

ಮೇವಿಸ್ ಕಾರಿನ ಹತ್ತಿರ ಹೋದಳು. ಹೊದಿಕೆ ಸರಿದಿದ್ದ ಕಡೆ ಹಸಿರು ಬಣ್ಣವನ್ನು ಕೈಗವಸಿನಿಂದ ಒಂದು ಸಲ ಸವರಿದಳು. ಮಲಗಿದ ಹಸುವಿನ ಬೆನ್ನು ಸವರುವ ಹಾಗೆ.

"ಒಂದು ಗಳಿಗೆ ಕೂತ್ಕೊಳ್ಲಾ ಇದರಲ್ಲಿ? ಸೋಮವಾರ ಅವನು ಹೋದಮೇಲೆ ಇದನ್ನ ನೋಡೋಕೂ ಆಗಲ್ಲ ನನ್ನ ಕೈಲಿ." ಬಾಗಿಲು ತೆರೆದು, ಓಡಿಸುವವರ ಸೀಟಿನಲ್ಲಿ ಕೂತಳು. ಸೀಟನ್ನು ಹಿಂದೆ ಮುಂದೆ ಸರಿಸಲಿಲ್ಲ. ಸರಿಸುವ ಅಗತ್ಯವೇ ಬೀಳಲಿಲ್ಲ. ಕಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಗಿ ಕೂತಿತು.

"ನಮ್ಮನೆಯವನು ಯಾವತ್ತೂ ನನಗೆ ಓಡಿಸೋಕೆ ಬಿಟ್ಟಿಲ್ಲ ಗೊತ್ತಾ," ಎಂದಳು ನಗುತ್ತಾ. "ಗೇರ್ ಕಿರ್ ಅನ್ಸ್ತೀಯ ಅಂತಿದ್ದ. ಹೋಗ್ಲಿ ಬಿಡು. ಆರ್ಡಿಸ್, ಹೇಳು ನನಗೆ. ಏನಾದ್ರೂ ಸಿಕ್ತಾ? ಅವನು ನಿಜವಾಗ್ಲೂ ಹೋಗಿದ್ನಾ? ಒಂದು ಸಣ್ಣ ಗುರುತು ಸಿಕ್ಕಿದ್ರೂ ಸಾಕು. ನಾನು ಅವನಿಗೆ ಹೋಗಿ ಹೇಳ್ತೀನಿ, ನಿನ್ನನ್ನ ನಂಬದೆ ಇದ್ದಿದ್ದು ನಮ್ಮದೇ ತಪ್ಪು ಅಂತ."

ಮಾತಾಡುತ್ತಲೇ ಅವಳ ಎಡಗೈ ಕೆಳಗಿಳಿಯಿತು. ನೋಡದೆ, ಹುಡುಕದೆ, ಮೊಣಕಾಲಿನ ಪಕ್ಕದಲ್ಲಿದ್ದ ಚರ್ಮದ ಮಡಿಕೆಯೊಳಗೆ ಬೆರಳು ತೂರಿಸಿ, ಒಂದು ಪುಟ್ಟ ಹಿಡಿಯನ್ನು ಎರಡು ಇಂಚು ಹೊರಗೆಳೆಯಿತು. ಆಮೇಲೆ ಅದನ್ನು ಬೆರಳಿನಿಂದ ಮೆಲ್ಲಗೆ ತಟ್ಟಿತು, ಯಾರೋ ಹಾಗೇ ಮಾಡು ಎಂದು ಹೇಳಿಕೊಟ್ಟಂತೆ.

ಟಾರ್ಚು ಹಿಡಿದು ಬೆಳಿಗ್ಗೆಯೆಲ್ಲ ಹುಡುಕಿದರೂ ಆರ್ಡಿಸ್‌ಗೆ ಸಿಗದ ಚೋಕ್.

ಮೇವಿಸ್‌ಳ ಮಾತು ನಡುವೆಯೇ ನಿಂತಿತು. ಅವಳು ಬಗ್ಗಿ ತನ್ನ ಕೈಯನ್ನು ನೋಡಿದಳು. ಬೇರೆ ಯಾರದೋ ಕೈಯನ್ನು ನೋಡುವ ಹಾಗೆ, ಬಹಳ ಹೊತ್ತು. ಮುಖದ ನಗು ಸ್ವಲ್ಪ ಸ್ವಲ್ಪವಾಗಿ ಆರಿತು. ಆಮೇಲೆ ತಲೆಯೆತ್ತಿದಳು.

"ಆರ್ಡಿಸ್," ಎಂದಳು. "ಇದು ಇಲ್ಲಿದೆ ಅಂತ ನನ್ನ ಕೈಗೆ ಹೇಗೆ ಗೊತ್ತಾಯ್ತು?"